ಅಧ್ಯಕ್ಷರು ಕಟ್ಟಿದ ಹಲ್ಲು

ನಮ್ಮ ಭಾವ ಸುಳ್ಳು ಹೇಳಿದವರಲ್ಲ. ಈ ಮಾತನ್ನು ನಾನು ಯಾರ ಮುಂದೆ ಬೇಕಾದರೂ ಎದೆ ತಟ್ಟಿ ಹೇಳುತ್ತೇನೆ. ಅವರು ಮಾಡಿದ್ದು ಇಷ್ಟೇ: ಒಂದು ಸಲ ಕೆಮ್ಮಿದರು.

ಭಾವ ಅಂದರೆ ನನ್ನ ಅಕ್ಕನ ಗಂಡ. ಊರಿನ ಆ ತುದಿಯಲ್ಲಿ ಒಂದು ಹಲ್ಲಿನ ಆಸ್ಪತ್ರೆ ಇದೆ. ಅದರ ಹಿಂದಿನ ಕೋಣೆಯಲ್ಲಿ ಕೂತು ಅವರು ಹಲ್ಲು ಕಟ್ಟುತ್ತಾರೆ. ಮುಂದಿನ ಕೋಣೆಯಲ್ಲಿ ಡಾಕ್ಟರಮ್ಮ ಜನರ ಬಾಯಿ ತೆಗೆಸಿ ಅಚ್ಚು ತೆಗೆಯುತ್ತಾರೆ. ಅಚ್ಚು ಗೋಡೆಯ ಕಿಂಡಿಯಿಂದ ಹಿಂದಕ್ಕೆ ಬರುತ್ತದೆ. ಭಾವ ಅದಕ್ಕೆ ಪ್ಲಾಸ್ಟರ್ ಸುರಿದು, ಮೇಣದಲ್ಲಿ ಹಲ್ಲು ಜೋಡಿಸಿ, ಬೇಯಿಸಿ, ಉಜ್ಜಿ, ಹೊಳಪು ಕೊಟ್ಟು ಅದೇ ಕಿಂಡಿಯಿಂದ ಮುಂದಕ್ಕೆ ದಾಟಿಸುತ್ತಾರೆ. ಊರಿನ ಎಷ್ಟೋ ಜನರ ನಗು ಅವರ ಕೈಯಿಂದಲೇ ಹೊರಬಿದ್ದಿದೆ. ಆದರೆ ಆ ನಗುವಿನ ಮೇಲೆ ಎಂಥ ಮೂಗಿದೆ, ಎಂಥ ಕಣ್ಣಿದೆ ಅಂತ ಅವರು ಒಮ್ಮೆಯೂ ನೋಡಿದವರಲ್ಲ. ಪೆಟ್ಟಿಗೆಯ ಮೇಲೆ ಹೆಸರೂ ಇರುವುದಿಲ್ಲ, ಬರೀ ನಂಬರು.

ಒಂದು ಸಂಜೆ ಭಾವ ಕೆಲಸದ ಬಿಳಿ ಕೋಟು ಬಿಚ್ಚುವುದನ್ನು ಮರೆತು ಹಾಗೇ ಬಸ್ಸು ಹತ್ತಿ ಬಂದುಬಿಟ್ಟರು. ಬೀದಿಯ ಮೊದಲ ಮನೆ ಟೈಲರಮ್ಮನದು. ಆಕೆಯ ಹೊಲಿಗೆ ಯಂತ್ರ ಕಿಟಕಿಯ ಪಕ್ಕದಲ್ಲೇ ಇರುವುದರಿಂದ ಯಾರು ಬಂದರು, ಯಾರು ಹೋದರು ಎಲ್ಲ ಆಕೆಗೆ ಗೊತ್ತು.

“ಅಯ್ಯೋ, ನೀವು ಡಾಕ್ಟ್ರಾ? ನಮಗೆ ಗೊತ್ತೇ ಇರ್ಲಿಲ್ಲ ನೋಡಿ!” ಅಂದಳು.

ಭಾವ “ಅಲ್ಲ” ಅನ್ನಲೆಂದೇ ಬಾಯಿ ತೆರೆದರು. ಕೋಟಿನ ಕಾಲರಿನಲ್ಲಿದ್ದ ಪ್ಲಾಸ್ಟರ್ ಪುಡಿ ಗಂಟಲಿಗೆ ಹೋಗಿ ಕೆಮ್ಮು ಬಂತು. ಕೆಮ್ಮು ನಿಲ್ಲುವಷ್ಟರಲ್ಲಿ ಟೈಲರಮ್ಮ ಬೀದಿಯ ಕೊನೆಯ ಮನೆಯವರೆಗೂ ಸುದ್ದಿ ಮುಟ್ಟಿಸಿ ವಾಪಸ್ಸು ಬಂದು ಯಂತ್ರ ತುಳಿಯುತ್ತಿದ್ದಳು. ಮಾರನೆಯ ದಿನದಿಂದ ಅಂಗಡಿಯವನು “ಬನ್ನಿ ಡಾಕ್ಟ್ರೇ”, ಪೇಪರಿನವನು “ತಗೊಳ್ಳಿ ಡಾಕ್ಟ್ರೇ”. ಭಾವ ತಿದ್ದಲು ಹೊರಟರೆ ಅಕ್ಕ ಕಣ್ಣು ಬಿಟ್ಟಳು.

“ಅವರಾಗಿ ಕರೀತಿದಾರೆ, ನಿಮಗೇನ್ರೀ ಕಷ್ಟ? ಇಷ್ಟು ವರ್ಷ ನಿಮ್ಮನ್ನ ಯಾರೂ ಯಾವ ಹೆಸರಿಂದಲೂ ಕರೀಲಿಲ್ಲ.”

ಅದೂ ನಿಜವೇ. ಭಾವ ಸುಮ್ಮನಾದರು. ಯಾರಾದರೂ ಹಲ್ಲುನೋವು ಅಂತ ಬಾಗಿಲಿಗೆ ಬಂದರೆ ದೂರದಿಂದಲೇ ಹುಬ್ಬು ಗಂಟಿಕ್ಕಿ ನೋಡಿ, “ಬೆಚ್ಚಗಿನ ಉಪ್ಪುನೀರಲ್ಲಿ ಬಾಯಿ ಮುಕ್ಕಳಿಸಿ. ಕಡಿಮೆ ಆಗ್ಲಿಲ್ಲ ಅಂದ್ರೆ ಆಸ್ಪತ್ರೆಗೆ ಹೋಗಿ” ಅನ್ನುತ್ತಿದ್ದರು. ಇದರಲ್ಲಿ ಒಂದಕ್ಷರವೂ ಸುಳ್ಳಿಲ್ಲ.

ಹೀಗೆ ಸುಖವಾಗಿದ್ದ ಡಾಕ್ಟರಿಕೆಗೆ ಕುತ್ತು ಬಂದದ್ದು ಲೆಕ್ಕದ ಮೇಷ್ಟ್ರ ದೆಸೆಯಿಂದ.

ಅಕ್ಕನ ಮಗಳು ಪುಟ್ಟಿ ಆ ವರ್ಷ ದೊಡ್ಡ ಪರೀಕ್ಷೆಯ ತರಗತಿಯಲ್ಲಿದ್ದಳು. ಲೆಕ್ಕದಲ್ಲಿ ಒಳ್ಳೆಯ ಅಂಕ ಬಂದರೆ ಮುಂದೆ ವಿಜ್ಞಾನ, ಇಲ್ಲದಿದ್ದರೆ ಸಿಕ್ಕಿದ್ದು. ಹುಡುಗಿ ವಿಜ್ಞಾನವೇ ಬೇಕು ಅಂತ ಹಟ ಹಿಡಿದಿದ್ದಳು. ಮಿಕ್ಕ ಪಾಠಗಳು ಅವಳಿಗೆ ನೀರು ಕುಡಿದಷ್ಟು ಸಲೀಸು. ಲೆಕ್ಕ ಮಾತ್ರ ಆ ಮೇಷ್ಟ್ರ ಬಾಯಿಂದ ಕೇಳಿದರಷ್ಟೇ ತಲೆಗೆ ಹತ್ತುತ್ತಿತ್ತು. ಆ ಬಾಯಿಯೇ ಈಗ ಶಾಲೆಗೆ ಬರುತ್ತಿರಲಿಲ್ಲ.

“ಇವತ್ತೂ ಬರ್ಲಿಲ್ಲಪ್ಪ.”

“ನಿನ್ನೆ ಬಂದಿದ್ರು ಅಂದ್ಯಲ್ಲ?”

“ಬಂದಿದ್ರು. ಬೋರ್ಡ್ ತುಂಬ ಲೆಕ್ಕ ಬರೆದ್ರು. ನಾನು ಎದ್ದು ನಿಂತು ಡೌಟ್ ಕೇಳ್ದೆ. ಕರ್ಚೀಫು ಬಾಯಿಗೆ ಇಟ್ಕೊಂಡು ಹೊರಗೆ ಹೋದ್ರು. ಬೆಲ್ ಹೊಡೆದ್ರೂ ವಾಪಸ್ ಬರ್ಲಿಲ್ಲ.”

“ಅಂಥಾ ಡೌಟ್ ಏನು ಕೇಳ್ದೆ?” ಅಂತ ಭಾವ ಗಾಬರಿಯಾದರು.

ನನ್ನ ಜೆರಾಕ್ಸ್ ಅಂಗಡಿ ಇರುವುದು ಶಾಲೆಯ ಗೇಟಿನ ಎದುರಿಗೇ. ಹಾಗಾಗಿ ತಂದೆತಾಯಿಯರ ಮೊದಲ ಸಭೆ ನನ್ನ ಯಂತ್ರದ ಸುತ್ತಲೇ ಸೇರಿತು. ಬಸ್ ಕಂಡಕ್ಟರ್ ಒಬ್ಬರು ಮುಂದಾಳು. ಅವರ ಮಗನೂ ಪುಟ್ಟಿಯ ತರಗತಿಯೇ. ಅವರ ಗಂಟಲು ಖಾಲಿ ಬಸ್ಸಿನಲ್ಲೂ ತುಂಬಿದ ಬಸ್ಸಿನ ಅಳತೆಗೇ ಹೊರಡುತ್ತದೆ.

“ಮೇಷ್ಟ್ರು ಬೇರೆ ಕಡೆ ಟ್ಯೂಷನ್ ಶುರು ಮಾಡಿದಾರೆ! ಇಲ್ಲಿ ಸಂಬಳ, ಅಲ್ಲಿ ಪಾಠ!”

“ಟ್ಯೂಷನ್ನೂ ಇಲ್ಲ ಗೀಷನ್ನೂ ಇಲ್ಲ,” ಅಂದಳು ಟೈಲರಮ್ಮ. “ಹೆಣ್ಣು ನೋಡ್ತಿದಾರೆ. ತಲೆಗೆ ಬಣ್ಣ ಹಚ್ಚೋದು ನೋಡಿಲ್ವಾ? ಮೊನ್ನೆ ನನ್ನ ಹತ್ರ ಒಂದೇ ಬಣ್ಣದ ದೊಡ್ಡ ದೊಡ್ಡ ಕರ್ಚೀಫು ಹೊಲಿಸ್ಕೊಂಡು ಹೋದ್ರು. ಗಂಡಸಿಗೆ ಅಷ್ಟೊಂದು ಕರ್ಚೀಫು ಯಾಕೆ ಬೇಕು ಹೇಳಿ?”

ಕರ್ಚೀಫಿಗೂ ಮದುವೆಗೂ ಏನು ಸಂಬಂಧ ಅಂತ ಯಾರಿಗೂ ಹೊಳೆಯಲಿಲ್ಲ. ಆದರೂ ಎಲ್ಲರೂ ತಲೆದೂಗಿದರು. ಯಾರಾದರೂ ಒಳಗೆ ಹೋಗಿ ಹೆಡ್ ಮೇಡಂ ಹತ್ತಿರ ಮಾತಾಡಬೇಕು ಅಂತ ತೀರ್ಮಾನವಾಯಿತು. ತೀರ್ಮಾನವಾದ ಕೂಡಲೇ ಎಲ್ಲರೂ ಗೇಟಿನ ಕಡೆಯಿಂದ ಮುಖ ತಿರುಗಿಸಿ ಭಾವನನ್ನು ನೋಡಿದರು.

“ಡಾಕ್ಟ್ರು ಮಾತಾಡಿದ್ರೆ ಅದರ ತೂಕವೇ ಬೇರೆ,” ಅಂದರು ಕಂಡಕ್ಟರ್. “ತಂದೆತಾಯಿಯರ ಸಂಘಕ್ಕೆ ನೀವೇ ಅಧ್ಯಕ್ಷರು. ರೈಟ್!”

ಭಾವನಿಗೆ ಮತ್ತೆ ಕೆಮ್ಮು ಬಂತು. ಇಷ್ಟು ಹೊತ್ತಿಗೆ ಈ ಬೀದಿಯಲ್ಲಿ ಅವರ ಕೆಮ್ಮಿಗೆ ಒಪ್ಪಿಗೆ ಅಂತಲೇ ಅರ್ಥವಾಗಿತ್ತು.

ಹೆಡ್ ಮೇಡಂ ಬಗ್ಗೆ ಎರಡು ಮಾತು ಹೇಳಬೇಕು. ಅವರ ದನಿ ಎಂಥದ್ದು ಅಂದರೆ, ಅವರು ಕಚೇರಿಯಲ್ಲಿ ಕೂತು “ಯಾರದು?” ಅಂದರೆ ರಸ್ತೆಯಾಚೆ ನಾನು ಎದ್ದು ನಿಲ್ಲುತ್ತಿದ್ದೆ. ಮಕ್ಕಳು ಅವರಿಗೆ ಟೈಪ್‌ರೈಟರ್ ಅಂತ ಹೆಸರಿಟ್ಟಿದ್ದರು. ಯಾಕೆ ಅಂತ ನನಗೆ ಗೊತ್ತಾದದ್ದು ಆವತ್ತು ಭಾವನ ಹಿಂದೆ ಕಚೇರಿಯೊಳಗೆ ಕಾಲಿಟ್ಟಾಗ. ಪ್ರತಿ ಮಾತಿನ ಕೊನೆಗೂ ಬಾಯಲ್ಲಿ “ಟಕ್” ಅಂತ ಸದ್ದು.

“ಏನು ಬಂದಿದ್ದು? ಟಕ್. ಬೇಗ ಹೇಳಿ. ಟಕ್. ನನಗೆ ಬೇರೆ ಕೆಲಸ ಇದೆ. ಟಕ್ ಟಕ್.”

ಭಾವ ಮನೆಯಿಂದ ನಾಲ್ಕು ಮಾತು ಬಾಯಿಪಾಠ ಮಾಡಿಕೊಂಡು ಬಂದಿದ್ದರು. ಆದರೆ ಮೊದಲ ಟಕ್ ಕಿವಿಗೆ ಬಿದ್ದದ್ದೇ ತಡ, ಕಸುಬಿನ ಮನುಷ್ಯ ಎಚ್ಚೆತ್ತುಬಿಟ್ಟ. ಅವರು ಮೇಡಂ ಬಾಯನ್ನೇ ನೋಡುತ್ತ ನಿಂತರು. ತಲೆ ಬಲಕ್ಕೆ ವಾಲಿಸಿದರು, ಎಡಕ್ಕೆ ವಾಲಿಸಿದರು, ಸ್ವಲ್ಪ ಬಗ್ಗಿ ಕೆಳಗಿನಿಂದಲೂ ನೋಡಿದರು.

“ಏನ್ರೀ ಹಾಗೆ ನೋಡ್ತಿದೀರಿ!” ಅಂತ ಮೇಡಂ ಮೇಜು ಗುದ್ದಿದರು.

ಬಾಯಿಪಾಠವೆಲ್ಲ ಹಾರಿಹೋಯಿತು. “ಲೆಕ್ಕದ ಮೇಷ್ಟ್ರು... ತುಂಬಾ ಒಳ್ಳೆಯವರು ಮೇಡಂ,” ಅಂದರು ಭಾವ. “ಅದನ್ನೇ ಹೇಳಿ ಹೋಗೋಣ ಅಂತ ಬಂದೆ.”

“ಹೇಳಿದ್ದಾಯ್ತಲ್ಲ? ಟಕ್. ಹೊರಡಿ.”

ಮೆಟ್ಟಿಲು ಇಳಿಯುತ್ತ ಭಾವ ನನ್ನ ಕಿವಿಯಲ್ಲಿ, “ಹಲ್ಲಿನ ಸೆಟ್ಟು ಹಳೇದು ಕಣೋ. ಕೆಳಗಿಂದು ಪೂರ್ತಿ ಸವೆದಿದೆ. ಹೊಸದು ಮಾಡಿಸ್ಕೊಬೇಕು” ಅಂದರು. ಗೇಟಿನ ಹೊರಗೆ ಕಾದಿದ್ದವರು ಸುತ್ತುವರಿದು ಏನಾಯಿತು ಅಂತ ಕೇಳಿದರು. ಭಾವ ಏನೋ ಹೇಳಲು ಹೋಗಿ ಬೆವರು ಒರೆಸಿಕೊಂಡರು. ಆ ಬೆವರು ನೋಡಿಯೇ ಜನಕ್ಕೆ ಒಳಗೆ ಎಂಥ ಕಾಳಗ ನಡೆದಿರಬೇಕು ಅಂತ ಅರ್ಥವಾಗಿಬಿಟ್ಟಿತು.

“ಮೇಜು ಗುದ್ದಿದ ಸದ್ದು ಇಲ್ಲಿಗೆ ಕೇಳಿಸ್ತು ಡಾಕ್ಟ್ರೇ!” ಅಂದರು ಕಂಡಕ್ಟರ್ ಭಕ್ತಿಯಿಂದ.

ಯಾರ ಮುಷ್ಟಿ ಅಂತ ಅವರು ಕೇಳಲಿಲ್ಲ, ಭಾವ ಹೇಳಲಿಲ್ಲ.

ಆಮೇಲೆ ಭಾವನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಬೆಳಿಗ್ಗೆ ಹಲ್ಲುಜ್ಜುವಾಗ ಭಾಷಣ, ಬಸ್ಸಿನಲ್ಲಿ ಭಾಷಣ. ಮೇಲಿನ ಕಚೇರಿಗೆ ಕಳಿಸಬೇಕಿದ್ದ ಮನವಿಯ ಕರಡು ತೋರಿಸೋಣ ಅಂತ ನಾನೊಂದು ದಿನ ಅವರ ಕೋಣೆಗೆ ಹೋದೆ. ಉದ್ದನೆಯ ಕಲ್ಲಿನ ಮೇಜು, ಮೇಣ ಕರಗಿಸುವ ದೀಪ, ಗೋಡೆಯ ಹಲಗೆಯ ಮೇಲೆ ಸಾಲಾಗಿ ಪ್ಲಾಸ್ಟರಿನ ದವಡೆಗಳು. ಭಾವ ಅವುಗಳ ಎದುರು ನಿಂತು ಕೈಯೆತ್ತಿ ಅಭ್ಯಾಸ ಮಾಡುತ್ತಿದ್ದರು. ಅಷ್ಟು ಬಾಯಿಗಳಿದ್ದೂ ಯಾರೂ ಎದುರು ಮಾತಾಡದ ಸಭೆ ಅದೊಂದೇ.

“ಕರ್ತವ್ಯ! ತನ್ನ ಕರ್ತವ್ಯವನ್ನು ಸಮಯಕ್ಕೆ ಸರಿಯಾಗಿ ಮಾಡದವನು ಮಕ್ಕಳ ಭವಿಷ್ಯಕ್ಕೆ ಕೊಡಲಿ ಹಾಕಿದಂತೆ!”

ಕಿಂಡಿಯಿಂದ ಡಾಕ್ಟರಮ್ಮನ ಮುಖ ಕಾಣಿಸಿತು. “ಆ ಗಂಡಸಿನ ಸೆಟ್ಟು ಇನ್ನೂ ಆಗ್ಲಿಲ್ವಾ? ಪಾಪ, ಹಲ್ಲೆಲ್ಲ ತೆಗೆಸ್ಕೊಂಡು ಕೂತಿದಾರೆ. ಬಾಯಿ ಬಿಟ್ಟು ಮಾತಾಡೋ ಕೆಲಸ ಅಂತೆ, ನಾಚಿಕೆಗೆ ಮನೆಯಿಂದ ಹೊರಡ್ತಿಲ್ಲ. ನೀವು ನಾಳೆ ನಾಳೆ ಅಂತಾನೇ ಇದೀರಿ.”

“ಆಯ್ತು ಮೇಡಂ, ಇವತ್ತೇ ಕೊಡ್ತೀನಿ.”

“ಹೊಸದಾಗಿ ಬಂತಲ್ಲ, ಹೆಂಗಸಿಂದು, ಅದು?”

“ಅದೂ ಇವತ್ತೇ.”

ಮೇಜಿನ ಮೇಲೆ ಎರಡು ಪೆಟ್ಟಿಗೆ ತೆರೆದಿದ್ದವು, ಒಂದಕ್ಕೆ ಕೆಂಪು ಮುಚ್ಚಳ, ಇನ್ನೊಂದಕ್ಕೆ ನೀಲಿ. ಭಾವ ಮೇಲಿನ ಹಲ್ಲುಗಳನ್ನು ಆಯಾ ಪೆಟ್ಟಿಗೆಗೆ ಹಾಕಿದರು. ಆಮೇಲೆ “ಕರ್ತವ್ಯಲೋಪ ಎಂದರೇನು?” ಅಂತ ದವಡೆಗಳ ಕಡೆ ತಿರುಗಿ ಗುಡುಗುತ್ತ, ಹಿಂದೆ ನೋಡದೆಯೇ ಕೈಚಾಚಿ, ಕೆಳಗಿನ ಹಲ್ಲುಗಳನ್ನು ಒಂದರದು ಇನ್ನೊಂದಕ್ಕೆ ಹಾಕಿ ಮುಚ್ಚಿದರು. ಗಂಡಸಿನ ಕೆಳದವಡೆ ಹೆಂಗಸಿನ ಪೆಟ್ಟಿಗೆಗೆ, ಹೆಂಗಸಿನದು ಗಂಡಸಿನ ಪೆಟ್ಟಿಗೆಗೆ. ಎರಡೂ ಕಿಂಡಿಯಿಂದ ಮುಂದಕ್ಕೆ ಹೋದವು. ನಾನು ಕಾಗುಣಿತ ನೋಡುತ್ತಿದ್ದೆ, ಅವರು ಚಪ್ಪಾಳೆ ಕೇಳುತ್ತಿದ್ದರು.

ಓದುಗರು ಜಾಣರು, ಆ ಗಂಡಸು ಯಾರು, ಹೆಂಗಸು ಯಾರು ಅಂತ ಆಗಲೇ ಹಿಡಿದುಬಿಟ್ಟಿರುತ್ತೀರಿ. ನಮಗೆ ಮಾತ್ರ ಗೊತ್ತಾಗಲಿಲ್ಲ.

ಮಾರನೆಯ ವಾರ ಮೇಷ್ಟ್ರು ಹುಮ್ಮಸ್ಸಿನಿಂದ ಶಾಲೆಗೆ ಬಂದರಂತೆ. ಹಾಜರಿ ಕೂಗಲು ಶುರುಮಾಡಿ, ನಾಲ್ಕನೆಯ ಹೆಸರಿನ ಹೊತ್ತಿಗೆ ಎರಡೂ ಕೈಯಿಂದ ಬಾಯಿ ಹಿಡಿದುಕೊಂಡು ಓಡಿದರಂತೆ. ಪುಟ್ಟಿ ಅಳುತ್ತ ಮನೆಗೆ ಬಂದಳು. ನಾಲ್ಕನೆಯ ಹೆಸರು ಅವಳದೇ.

“ನನ್ನ ಹೆಸರು ಕೇಳಿದ್ರೇ ಓಡಿ ಹೋಗ್ತಾರೆ ಮಾಮ.”

ಇದನ್ನು ಕೇಳಿ ಭಾವ ಹಲ್ಲು ಕಡಿದರು. ಎಲ್ಲರೂ ಸೇರಿ ಎರಡನೆಯ ಸಲ ದಂಡೆತ್ತಿ ಹೋದೆವು. ಈ ಸಲ ಕಂಡಕ್ಟರ್ ಬಾಗಿಲಲ್ಲಿ ನಿಂತು “ಒಳಗೆ ಹೋಗಿ, ಒಳಗೆ ಜಾಗ ಇದೆ, ಮುಂದೆ ಸರೀರಿ” ಅಂತ ಕಚೇರಿಯ ತುಂಬ ಜನರನ್ನು ತುರುಕಿದರು. ಭಾವ ಕಣ್ಣು ಮುಚ್ಚಿಕೊಂಡು ಇಡೀ ಭಾಷಣ ಒಪ್ಪಿಸಿದರು. ಮುಗಿಸಿ ಕಣ್ಣು ಬಿಟ್ಟರೆ ಹೆಡ್ ಮೇಡಂ ಒಂದು ಮಾತೂ ಆಡಿರಲಿಲ್ಲ. ತುಟಿ ಬಿಗಿ ಹಿಡಿದು, ಕೆನ್ನೆ ಒಂದು ಕಡೆ ಸ್ವಲ್ಪ ಉಬ್ಬಿಸಿ, ಸುಮ್ಮನೆ ಕೂತಿದ್ದರು. ಗುಡುಗಲಿಲ್ಲ, ಗುದ್ದಲಿಲ್ಲ, ಟಕ್ ಕೂಡ ಇಲ್ಲ.

“ಏನಾದ್ರೂ ಹೇಳಿ ಮೇಡಂ,” ಅಂದಳು ಟೈಲರಮ್ಮ.

ಮೇಡಂ ಕೈಯಿಂದ ಬಾಗಿಲು ತೋರಿಸಿದರು.

ಹೊರಗೆ ಬಂದಾಗ ಕಂಡಕ್ಟರ್ ಭಾವನನ್ನು ಎತ್ತಿಯೇಬಿಟ್ಟರು. “ಇಡೀ ಊರಲ್ಲಿ ಆ ಹೆಂಗಸಿನ ಬಾಯಿ ಮುಚ್ಚಿಸಿದ ಗಂಡಸು ಅಂದ್ರೆ ನಮ್ಮ ಡಾಕ್ಟ್ರು ಒಬ್ಬರೇ!” ಅಂದರು. ಅದಕ್ಕಿಂತ ನಿಜವಾದ ಮಾತನ್ನು ಅವರು ಜನ್ಮದಲ್ಲಿ ಆಡಿರಲಾರರು.

ಅತ್ತ ಆಸ್ಪತ್ರೆಯಲ್ಲಿ ಎರಡೂ ಪೆಟ್ಟಿಗೆಗಳು ಕಿಂಡಿಯಿಂದ ವಾಪಸ್ಸು ಬರುತ್ತಿದ್ದವು. “ಕೆಳಗಿಂದು ಕೂರ್ತಿಲ್ಲ, ಉಜ್ಜಿ ಸರಿ ಮಾಡಿ” ಅಂತ ಡಾಕ್ಟರಮ್ಮ ಹೇಳುತ್ತಿದ್ದರು. ಹೆಂಗಸಿನ ಹಳೇ ಸೆಟ್ಟನ್ನು ಅಳತೆಗೆಂದು ಅವರೇ ಇಟ್ಟುಕೊಂಡಿದ್ದರಿಂದ ಆಕೆಗೂ ಬೇರೆ ದಾರಿಯಿರಲಿಲ್ಲ. ಭಾವ ಪೆಟ್ಟಿಗೆ ತೆಗೆದುಕೊಳ್ಳುತ್ತಿದ್ದರು. ಆದರೆ ಸಂಘದ ಅಧ್ಯಕ್ಷರಿಗೆ ಉಜ್ಜುತ್ತ ಕೂರಲು ಪುರುಸೊತ್ತೆಲ್ಲಿ? ಮುಚ್ಚಳ ಒರೆಸಿ, ಒಳಗಿನದನ್ನು ಬಟ್ಟೆಯಲ್ಲಿ ಸವರಿ, “ಆಯ್ತು ಮೇಡಂ” ಅಂತ ಹಾಗೇ ದಾಟಿಸುತ್ತಿದ್ದರು. ಹಲ್ಲು ಹೊಳೆಯುತ್ತಿತ್ತು, ಕೂರುತ್ತಿರಲಿಲ್ಲ. ಮೇಷ್ಟ್ರು ಒಂದು ದಿನ ಬರುತ್ತಿದ್ದರು, ಮೂರು ದಿನ ಮಾಯವಾಗುತ್ತಿದ್ದರು. ಮೇಷ್ಟ್ರು ಮಾಯವಾದಷ್ಟೂ ಭಾವನ ಭಾಷಣಕ್ಕೆ ಕಾವೇರುತ್ತಿತ್ತು. ಭಾಷಣಕ್ಕೆ ಕಾವೇರಿದಷ್ಟೂ ಹಲ್ಲು ಹಾಗೇ ಉಳಿಯುತ್ತಿತ್ತು.

ಕೊನೆಗೆ ಮನವಿ ಮೇಲಿನ ಕಚೇರಿಗೆ ಮುಟ್ಟಿ, ಶಿಕ್ಷಣಾಧಿಕಾರಿಗಳೇ ಶಾಲೆಗೆ ಬಂದರು.

ಸಭೆ ನಡೆದದ್ದು ಪುಟ್ಟಿಯ ತರಗತಿಯಲ್ಲೇ. ತಂದೆತಾಯಿಯರೆಲ್ಲ ಮಕ್ಕಳ ಬೆಂಚಿನಲ್ಲಿ ಮೊಣಕಾಲು ಗದ್ದಕ್ಕೆ ತಗುಲಿಸಿಕೊಂಡು ಕೂತರು. ಕಂಡಕ್ಟರ್ ಅಭ್ಯಾಸಬಲದಿಂದ ಬಾಗಿಲ ಹತ್ತಿರ ನಿಂತೇ ಇದ್ದರು. ಮಕ್ಕಳು ಕಿಟಕಿಯ ಸರಳಿಗೆ ಜೋತುಬಿದ್ದಿದ್ದರು. ಎದುರಿನ ಮೇಜಿನ ಹಿಂದೆ ನಡುವೆ ಅಧಿಕಾರಿ, ಒಂದು ಪಕ್ಕ ತುಟಿ ಬಿಗಿದ ಹೆಡ್ ಮೇಡಂ, ಇನ್ನೊಂದು ಪಕ್ಕ ಇಸ್ತ್ರಿ ಮಾಡಿದ ಬಿಳಿ ಕೋಟಿನಲ್ಲಿ ನಮ್ಮ ಭಾವ. ಕೋಟು ಅಕ್ಕನ ಒತ್ತಾಯ. ಅವಳು ಮೊದಲ ಬೆಂಚಿನಲ್ಲಿ ಕೂತು ಪಕ್ಕದವರಿಗೆ “ನಮ್ಮನೆಯವರು” ಅಂತ ತೋರಿಸುತ್ತಿದ್ದಳು.

ಅಧಿಕಾರಿ ಮನವಿ ಓದಿ, ಬೋರ್ಡಿನ ಪಕ್ಕ ಕರ್ಚೀಫು ಹಿಡಿದು ನಿಂತಿದ್ದ ಮೇಷ್ಟ್ರ ಕಡೆ ತಿರುಗಿದರು.

“ಏನ್ರೀ, ಇದಕ್ಕೆ ಏನು ಹೇಳ್ತೀರಿ?”

ಮೇಷ್ಟ್ರು ತಲೆ ತಗ್ಗಿಸಿದರು.

“ಮಾತಾಡ್ರೀ! ಪದೇ ಪದೇ ರಜಾ ಯಾಕೆ?”

ಮೇಷ್ಟ್ರು ಸೂರು ನೋಡಿದರು. ಅಧಿಕಾರಿ ಹೆಡ್ ಮೇಡಂ ಕಡೆ ತಿರುಗಿದರು. “ಸರಿ, ನೀವು ಹೇಳಿ ಮೇಡಂ.”

ಮೇಡಂ ಸೀಮೆಸುಣ್ಣ ತೆಗೆದುಕೊಂಡು ಬೋರ್ಡಿನ ಮೇಲೆ “ಪರಿಶೀಲಿಸಲಾಗುತ್ತಿದೆ” ಅಂತ ಬರೆದು ಬಂದು ಕೂತರು.

“ಈ ಶಾಲೇಲಿ ಯಾರಿಗೂ ಬಾಯೇ ಇಲ್ವಾ?” ಅಂತ ಅಧಿಕಾರಿ ಕೂಗಿದರು. “ನಾನಿದೀನಿ ಸಾರ್!” ಅಂದರು ಕಂಡಕ್ಟರ್ ಬಾಗಿಲಿಂದ.

ಅಧಿಕಾರಿಗೆ ತಾಳ್ಮೆ ಮುಗಿದಿತ್ತು. ಚೀಲದಿಂದ ಒಂದು ಕಾಗದ ಹೊರತೆಗೆದರು. “ಇವರನ್ನ ಇವತ್ತೇ ಇಲ್ಲಿಂದ ಎತ್ತಂಗಡಿ ಮಾಡ್ತೀನಿ. ಸಂತೋಷ ತಾನೇ? ಒಂದು ವಿಷಯ ಗೊತ್ತಿರ್ಲಿ. ಲೆಕ್ಕಕ್ಕೆ ಬೇರೆ ಮೇಷ್ಟ್ರು ಸಿಗೋದು ಮುಂದಿನ ವರ್ಷಾನೇ. ಈ ವರ್ಷದ ಮಕ್ಕಳು ತಾವೇ ಓದ್ಕೋಬೇಕು.”

ಬೆಂಚುಗಳು ಕಿರುಗುಟ್ಟಿದವು. ಯಾರೂ ಇದನ್ನು ಬೇಡಿರಲಿಲ್ಲ. ಕಿಟಕಿಯಿಂದ “ಅಪ್ಪಾ, ಬೇಡಪ್ಪಾ!” ಅನ್ನುವ ಪುಟ್ಟಿಯ ದನಿ ಬಂತು. ಭಾವನ ಮುಖ ಅವರ ಕೋಟಿನ ಬಣ್ಣಕ್ಕೆ ತಿರುಗಿತು. ಅಧಿಕಾರಿ ಪೆನ್ನಿನ ಮುಚ್ಚಳ ತೆಗೆದರು.

ಆಗ ಮೇಷ್ಟ್ರು ಕರ್ಚೀಫು ಕೆಳಗಿಳಿಸಿದರು. ಆ ಮನುಷ್ಯನ ಕಣ್ಣಲ್ಲಿ ನೀರಿತ್ತು. ಮೇಜಿನ ಹತ್ತಿರ ಬಂದು, ಉಸಿರು ಎಳೆದುಕೊಂಡು, “ಸಾರ್, ನನ್ನ ತಪ್ಪ—” ಅಂದರು.

ಅಷ್ಟೇ. ಕೆಳಗಿನ ಹಲ್ಲು ಪೂರ್ತಿ ಸಾಲಾಗಿ ಬಾಯಿಂದ ಹಾರಿ, ಮೇಜಿನ ಮೇಲೆ ಬಿದ್ದು, ಅಧಿಕಾರಿಯ ಮುಂದೆ ಜಾರಿ, ಭಾವನ ಎದುರಿಗೆ ಬಂದು ನಿಂತಿತು.

ಮೇಷ್ಟ್ರು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡರು. ಭಾವ ಮಾತ್ರ ಗಾಬರಿಯಾಗಲಿಲ್ಲ. ಇಡೀ ಸಭೆಯಲ್ಲಿ ಮೊದಲ ಬಾರಿಗೆ ಅವರಿಗೆ ಪರಿಚಯದ ಮುಖವೊಂದು ಸಿಕ್ಕಂತಾಗಿತ್ತು. ಹಲ್ಲನ್ನು ಎತ್ತಿಕೊಂಡರು, ಬೆಳಕಿಗೆ ಹಿಡಿದರು, ಹೆಬ್ಬೆರಳಲ್ಲಿ ಅಂಚು ಸವರಿದರು.

“ಇದು ಮೇಷ್ಟ್ರದಲ್ಲ,” ಅಂದರು.

“ಏನ್ರೀ ಹೇಳ್ತೀರಿ? ಈಗ ಅವರ ಬಾಯಿಂದಲೇ ಬಿತ್ತಲ್ಲ!”

“ಬಿದ್ದಿದ್ದು ಅವರ ಬಾಯಿಂದಾನೇ ಸಾರ್. ಹಲ್ಲು ಅವರದಲ್ಲ.”

“ಕದ್ದಿದಾರಾ?” ಅಂದಳು ಟೈಲರಮ್ಮ ಎದ್ದು ನಿಂತು.

“ಇದು ಸಣ್ಣ ದವಡೆ, ಹೆಂಗಸಿಂದು,” ಅಂತ ಭಾವ ತಮ್ಮಷ್ಟಕ್ಕೇ ಹೇಳಿಕೊಳ್ಳುವವರಂತೆ ಅಂದರು. “ಮುಂದಿನ ಎರಡು ಹಲ್ಲು ಒಂಚೂರು ಓರೆ ಕೂರಿಸಿದೀನಿ ನೋಡಿ. ಯಾರೋ ತುಂಬಾ ನಗ್ತಾ ನಗ್ತಾ ಇರೋ ಹೆಂಗಸು ಅಂತ ಅನ್ನಿಸಿತ್ತು. ಹಾಗಾದ್ರೆ ಗಂಡಸಿಂದು...” ಅವರು ನಿಧಾನವಾಗಿ ತಲೆಯೆತ್ತಿದರು. ಅಧಿಕಾರಿಯ ಆಚೆ ಪಕ್ಕ ಒಂದು ಉಬ್ಬಿದ ಕೆನ್ನೆ ಕಾಣಿಸಿತು. “ಮೇಡಂ, ಒಂದ್ಸಲ ಬಾಯಿ ತೆಗೀರಿ.”

ಆ ಶಾಲೆ ಕಟ್ಟಿದಂದಿನಿಂದ ಹೆಡ್ ಮೇಡಂಗೆ ಬಾಯಿ ತೆಗೆಯಿರಿ ಅಂದವರು ಯಾರೂ ಇರಲಿಲ್ಲ. ಮೇಡಂ ಕಣ್ಣು ಕೆಂಪಾಯಿತು. ಆಮೇಲೆ, ಏನನ್ನಿಸಿತೋ, ಮೆಲ್ಲಗೆ ಬಾಯಿ ತೆರೆದರು. ಭಾವ ಬಗ್ಗಿ ನೋಡಿ ತಲೆಗೆ ಕೈ ಹೊತ್ತರು.

“ಅದಲು ಬದಲಾಗಿದೆ ಸಾರ್. ಇವರದು ಅವರಿಗೆ, ಅವರದು ಇವರಿಗೆ.”

“ನಿಮಗೆ ಹೇಗೆ ಗೊತ್ತು?”

“ಅವರು ಡಾಕ್ಟ್ರು ಸಾರ್!” ಅಂತ ಇಡೀ ತರಗತಿ ಒಂದೇ ದನಿಯಲ್ಲಿ ಹೇಳಿತು. ಅಕ್ಕ ಹೌದು ಹೌದು ಅಂತ ತಲೆಯಾಡಿಸುತ್ತಿದ್ದಳು. ಅಲ್ಲಿಗೇ ಬಿಟ್ಟಿದ್ದರೆ ಭಾವ ಇವತ್ತಿಗೂ ಡಾಕ್ಟ್ರಾಗಿಯೇ ಇರುತ್ತಿದ್ದರು. ಅಧಿಕಾರಿ ಬಿಡಲಿಲ್ಲ.

“ಡಾಕ್ಟ್ರೇ, ಹಾಗಾದ್ರೆ ತಪ್ಪು ಯಾರದು ಸರಿಯಾಗಿ ಹೇಳಿ. ಮೇಷ್ಟ್ರದಲ್ಲ ಅಂತ ಗೊತ್ತಾದ್ರೆ ಈ ಆರ್ಡರ್ ಇಲ್ಲೇ ಹರಿದು ಹಾಕ್ತೀನಿ. ಬರೀ ಹಾಗಂತೆ ಹೀಗಂತೆ ಅಂದ್ರೆ ಆಗಲ್ಲ. ಯಾರು ಮಾಡಿದ್ದು ಇದನ್ನ?”

ಭಾವ ಅಕ್ಕನನ್ನು ನೋಡಿದರು. ಅಕ್ಕ ಬೇಡ ಅಂತ ಕಣ್ಣಲ್ಲೇ ಸನ್ನೆ ಮಾಡಿದಳು. ಕಿಟಕಿ ನೋಡಿದರು. ಪುಟ್ಟಿ ಎರಡು ಸರಳುಗಳ ನಡುವೆ ಮುಖ ತೂರಿಸಿ ನಿಂತಿದ್ದಳು. ಭಾವನಿಗೆ ಗಂಟಲಲ್ಲಿ ಏನೋ ಬಂತು. ಕೆಮ್ಮು ಅಂತ ನಾವೆಲ್ಲ ಅಂದುಕೊಂಡೆವು. ಅವರು ಅದನ್ನು ನುಂಗಿದರು.

“ನಾನು ಮಾಡಿದ್ದು ಸಾರ್.”

“ಡಾಕ್ಟ್ರು ಹಲ್ಲು ಮಾಡ್ತಾರಾ?”

“ಡಾಕ್ಟ್ರು ಮಾಡಲ್ಲ ಸಾರ್. ನಾನು ಮಾಡ್ತೀನಿ. ನಾನು ಡಾಕ್ಟ್ರಲ್ಲ.”

ಅಕ್ಕ ಸೆರಗಿನಿಂದ ಮುಖ ಮುಚ್ಚಿಕೊಂಡಳು. ಟೈಲರಮ್ಮನಿಗೆ ನಿಂತಲ್ಲೇ ಬಿಕ್ಕಳಿಕೆ ಶುರುವಾಯಿತು. ಭಾವ ಒಂದೇ ಉಸಿರಿಗೆ ಎಲ್ಲವನ್ನೂ ಹೇಳಿಬಿಟ್ಟರು: ನಾಳೆ ನಾಳೆ ಅಂದದ್ದು, ಭಾಷಣದ ಗುಂಗಿನಲ್ಲಿ ಪೆಟ್ಟಿಗೆ ಮುಚ್ಚಿದ್ದು, ಉಜ್ಜದೆ ಬಟ್ಟೆಯಲ್ಲಿ ಸವರಿ ಕಳಿಸಿದ್ದು.

“ಅಂದ್ರೆ,” ಅಂತ ಅಧಿಕಾರಿ ಹಣೆ ಒತ್ತಿಕೊಂಡರು, “ಮೇಷ್ಟ್ರು ಬರ್ತಿಲ್ಲ ಅಂತ ಕಂಪ್ಲೇಂಟ್ ಕೊಟ್ಟಿದ್ದೂ ನೀವೇ, ಅವರು ಬರದ ಹಾಗೆ ಮಾಡಿದ್ದೂ ನೀವೇ?”

“ಹೌದು ಸಾರ್. ಆದ್ರೆ ಒಂದು ಒಳ್ಳೇದಾಯ್ತು. ಹೇಳಿದ ಹಾಗೆ ಉಜ್ಜಿದ್ರೆ ಎರಡೂ ಹಾಳಾಗ್ತಿತ್ತು. ಅಧ್ಯಕ್ಷ ಆಗಿದ್ದಕ್ಕೆ ಪುರುಸೊತ್ತಾಗ್ಲಿಲ್ಲ. ಈಗ ಬದಲಾಯಿಸಿದ್ರೆ ಸರಿಯಾಗಿ ಕೂರುತ್ತೆ.”

ಪ್ರಯೋಗಾಲಯದಿಂದ ಎರಡು ಗಾಜಿನ ಲೋಟ ಬಂದವು, ಬಿಸಿನೀರು ಬಂತು, ಉಪ್ಪು ಬಂತು. ಬೋರ್ಡನ್ನು ಗೋಡೆಯಿಂದ ಮುಂದಕ್ಕೆಳೆದು ಮೇಡಂ ಮತ್ತು ಮೇಷ್ಟ್ರು ಇಬ್ಬರನ್ನೂ ಅದರ ಹಿಂದೆ ನಿಲ್ಲಿಸಲಾಯಿತು. ಭಾವ ಕೋಟಿನ ತೋಳು ಮಡಿಸಿಕೊಂಡು ಅವರ ಹಿಂದೆಯೇ ಹೋದರು. ಮೊದಲ ಸಲ ಅವರು ಹಲ್ಲಿನ ಜೊತೆಗೆ ಮನುಷ್ಯರನ್ನೂ ನೋಡುತ್ತಿದ್ದರು. “ಸ್ವಲ್ಪ ಅಗಲ... ಹಾಂ... ಈಗ ಕಚ್ಚಿ... ನನ್ನ ಬೆರಳಲ್ಲ ಮೇಡಂ!” ಅನ್ನುವುದು ಕೇಳಿಸುತ್ತಿತ್ತು. ಇತ್ತ ಬೆಂಚಿನಲ್ಲಿದ್ದವರಿಗೆ ತಡೆಯಲಾಗಲಿಲ್ಲ. ಒಬ್ಬರು ಕಿಸಕ್ಕೆಂದರು, ಇನ್ನೊಬ್ಬರು ಹೊಟ್ಟೆ ಹಿಡಿದುಕೊಂಡರು, ಕಂಡಕ್ಟರ್ ಬಾಗಿಲಿಗೆ ಒರಗಿ ನಗುತ್ತ ನಗುತ್ತ ಕೆಳಗೆ ಕೂತೇಬಿಟ್ಟರು. ಅಧಿಕಾರಿಯೂ ಕಡತದ ಹಿಂದೆ ಭುಜ ಕುಣಿಸುತ್ತಿದ್ದರು.

“ಸೈಲೆನ್ಸ್!”

ಗಾಜಿನ ಲೋಟ ನಡುಗಿತು. ಕಿಟಕಿಯ ಮಕ್ಕಳು ಸಾಲಾಗಿ ನೆಲಕ್ಕೆ ಉದುರಿದರು. ಬೆಂಚಿನವರು ಕೈಕಟ್ಟಿ ಕೂತರು, ಬಾಗಿಲ ಹತ್ತಿರ ಕೂತಿದ್ದ ಕಂಡಕ್ಟರ್ ಎದ್ದು ನಿಂತರು, ಅಧಿಕಾರಿ ಕುರ್ಚಿಯಲ್ಲಿ ನೆಟ್ಟಗಾದರು. ಬೋರ್ಡಿನ ಹಿಂದಿನಿಂದ ಹೆಡ್ ಮೇಡಂ ಹೊರಗೆ ಬಂದರು. ಟಕ್ ಇಲ್ಲವೇ ಇಲ್ಲ, ಗಂಟೆ ಹೊಡೆದಂಥ ದನಿ. ಅವರ ಹಿಂದೆ ಮೇಷ್ಟ್ರು ಬಂದರು. ಅಧಿಕಾರಿ “ಏನಾದ್ರೂ ಮಾತಾಡಿ ನೋಡೋಣ” ಅಂದದ್ದೇ ತಡ, ಅಷ್ಟು ದಿನ ಒಳಗೇ ಉಳಿದಿದ್ದ ಪಾಠವೆಲ್ಲ ಒಮ್ಮೆಗೇ ಹೊರಗೆ ನುಗ್ಗಿತು. ವೃತ್ತ, ತ್ರಿಜ್ಯ, ಸ್ಪರ್ಶಕ ಅಂತ ಶುರುಮಾಡಿ, ಸೀಮೆಸುಣ್ಣ ಹಿಡಿದು, ಮೊದಲ ಬೆಂಚಿನ ತಂದೆಯೊಬ್ಬರಿಗೆ ಪ್ರಶ್ನೆಯನ್ನೂ ಕೇಳಿಬಿಟ್ಟರು. ಆ ತಂದೆ ಬಸ್ಸಿಗೆ ಹೊತ್ತಾಯಿತು ಅಂತ ಎದ್ದರು. ಅವರ ಹಿಂದೆ ಒಬ್ಬೊಬ್ಬರಾಗಿ ಎಲ್ಲರಿಗೂ ಹೊತ್ತಾಯಿತು. ಅಧಿಕಾರಿ ಆರ್ಡರನ್ನು ನಾಲ್ಕು ಚೂರು ಮಾಡಿ ಹೊರಟರು.

ಆವತ್ತು ಸಂಜೆ ಮನೆಯಲ್ಲಿ ಅಕ್ಕ ಪಾತ್ರೆಗಳ ಜೊತೆ ಮಾತ್ರ ಮಾತಾಡಿದಳು, ಅದೂ ಜೋರಾಗಿ. ಭಾವ ಮೂಲೆಯ ಕುರ್ಚಿಯಲ್ಲಿ ಮುದುಡಿದ್ದರು. ನಾಳೆ ಬೀದಿಯಲ್ಲಿ ತಲೆಯೆತ್ತಿ ಹೇಗೆ ನಡೆಯುವುದು ಅನ್ನುವುದೇ ಅವರ ಚಿಂತೆ. ಬಾಗಿಲು ತಟ್ಟಿದ ಸದ್ದಾಯಿತು. ತೆರೆದರೆ ಕಂಡಕ್ಟರ್. ಆ ಕಂಡಕ್ಟರ್ ನಾನು ಕಂಡಂತೆ ಮೊದಲ ಬಾರಿಗೆ ಪಿಸುಗುಟ್ಟಿದರು.

“ನೀವು ಡಾಕ್ಟ್ರು ಅನ್ಕೊಂಡು ಇಷ್ಟು ದಿನ ನನ್ನ ಕಷ್ಟ ಹೇಳ್ಕೊಳ್ಳೋಕೆ ನಾಚಿಕೆ ಆಗ್ತಿತ್ತು. ಬೈತೀರೇನೋ ಅಂತ. ಇಲ್ಲಿ ಎರಡು ಹೋಗಿದೆ ನೋಡಿ. ವಿಸಲ್ ಊದಿದ್ರೆ ಗಾಳಿ ಪಕ್ಕಕ್ಕೆ ಹೋಗುತ್ತೆ.”

ಅವರ ಬೆನ್ನ ಹಿಂದೆ ಟೈಲರಮ್ಮ, ಬಾಯಿಗೆ ಸೆರಗು ಅಡ್ಡ ಹಿಡಿದು. ಆಕೆಯ ಹಿಂದೆ ಪೇಪರಿನವನ ಅಜ್ಜಿ. ಭಾವ ಒಬ್ಬೊಬ್ಬರನ್ನೇ ದೀಪದ ಕೆಳಗೆ ಕರೆದು ನೋಡಿದರು. ಎಲ್ಲರಿಗೂ ಆಸ್ಪತ್ರೆಗೆ ಬಂದು ಡಾಕ್ಟರಮ್ಮನ ಹತ್ತಿರ ಅಚ್ಚು ಕೊಡಲು ಹೇಳಿದರು, ಪೆಟ್ಟಿಗೆಯ ಮೇಲೆ ಹೆಸರು ಬರೆಸಿ ಅಂತಲೂ ಹೇಳಿದರು. ಅಡುಗೆಮನೆಯಲ್ಲಿ ಪಾತ್ರೆಗಳ ಸದ್ದು ಸ್ವಲ್ಪ ತಗ್ಗಿತು. ಆದರೆ ಅಕ್ಕ ಹೊರಗೆ ಬರಲಿಲ್ಲ.

ಮಾರನೆಯ ದಿನ ಪುಟ್ಟಿ ಶಾಲೆಯಿಂದ ಓಡಿಕೊಂಡೇ ಬಂದಳು. ಮೇಷ್ಟ್ರು ಬಂದಿದ್ದರು, ಎರಡು ಪಿರಿಯಡ್ ಒಟ್ಟಿಗೇ ತೆಗೆದುಕೊಂಡರು, ಅವಳ ಎಲ್ಲ ಡೌಟಿಗೂ ಉತ್ತರ ಕೊಟ್ಟರು. ಹೇಳುತ್ತ ಹೇಳುತ್ತ ಅವಳು ದನಿ ಇಳಿಸಿದಳು.

“ಅಪ್ಪ, ಹಿಂದಿನ ಬೆಂಚಿನೋರು ನಿನ್ನ ಬಗ್ಗೆ ಆಡ್ಕೊಂಡು ನಗ್ತಿದ್ರು. ಡಾಕ್ಟ್ರು ಡಾಕ್ಟ್ರು ಅಂತ.”

ಭಾವ ನೆಲ ನೋಡಿದರು. ಅಕ್ಕ ಅಡುಗೆಮನೆಯ ಬಾಗಿಲಿಗೆ ಬಂದು ನಿಂತಳು.

“ಮೇಷ್ಟ್ರು ಕೇಳಿಸ್ಕೊಂಡ್ರು. ನನ್ನ ಎದ್ದು ನಿಲ್ಲಿಸಿ, ನಿಮ್ಮಪ್ಪ ಏನು ಕೆಲಸ ಮಾಡ್ತಾರೆ ಇವರಿಗೆಲ್ಲ ಹೇಳು ಅಂದ್ರು.”

“ಏನು ಹೇಳ್ದೆ?” ಅಂದರು ಭಾವ.

“ನಂಗೆ ಅಳು ಬಂತು, ಹೇಳೋಕೇ ಆಗ್ಲಿಲ್ಲ. ಆಮೇಲೆ ಮೇಷ್ಟ್ರೇ ಬೆಂಚಿನ ಸಾಲಲ್ಲಿ ಒಬ್ಬೊಬ್ಬರ ಹತ್ರಾನೂ ಹೋಗಿ, ದೊಡ್ಡದಾಗಿ ಬಾಯಿ ತೆಗೆದು ತೋರಿಸಿದ್ರು. ಇದು, ಇವಳಪ್ಪ ಮಾಡೋ ಕೆಲಸ ಅಂದ್ರು.”

ತಲೆಗೆ ಬಣ್ಣ ಹಚ್ಚುವ, ಹಲ್ಲಿಲ್ಲ ಅಂತ ಯಾರಿಗೂ ಗೊತ್ತಾಗಬಾರದು ಅಂತ ತಿಂಗಳುಗಟ್ಟಲೆ ಅವಿತುಕೊಂಡ ಮನುಷ್ಯ. ಭಾವ ಕಣ್ಣೊರೆಸಿಕೊಂಡರು, ಮೂಗೊರೆಸಿಕೊಂಡರು, ಆಮೇಲೆ ಮಗಳನ್ನು ಹತ್ತಿರಕ್ಕೆ ಎಳೆದುಕೊಂಡು ಕೇಳಿದರು.

“ಮೇಲಿಂದು ತೋರಿಸಿದ್ರಾ, ಕೆಳಗಿಂದಾ?”

“ಎರಡೂ ಅಪ್ಪ. ಕೈಗೆ ತೆಗೆದು.”

ಅಕ್ಕ ಒಳಗೆ ಹೋಗಿ ಟೀಗೆ ನೀರಿಟ್ಟಳು. “ರೀ, ಬರ್ತೀರಾ ಇಲ್ಲಿ?” ಅಂತ ಕರೆದಳು. “ನನಗೂ ಹಿಂದಿಂದು ಒಂದು ಹಲ್ಲು ಅಲ್ಲಾಡ್ತಿದೆ, ನೋಡಿ.”